ಕೌದಿಯ ಹೊಟ್ಟೆ

ಮಾವನ ಲುಂಗಿ ಇನ್ನೂ ಹರಿದಿರಲಿಲ್ಲ. ಜಗಳ ಹೊತ್ತಿಕೊಂಡದ್ದು ಅಲ್ಲಿಂದ.

"ಅಂಚಿನಾಗೆ ಒಂಚೂರು ಸವದಿತ್ತು, ಅಷ್ಟೇ," ಎಂದರು ವಾಮದೇವಪ್ಪ, ಟವೆಲು ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು. "ಇನ್ನೂ ಒಂದು ವರ್ಷ ಬರ್ತಿತ್ತು. ನಿನ್ನೆ ಹಗ್ಗದ ಮ್ಯಾಲೆ ಇತ್ತು, ಇವತ್ತು ಎಲ್ಲಿಗೆ ಹೋತು?"

ರಶ್ಮಿತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಿಟ್ಟು ಆರುತ್ತದೆ, ಆರಿದರೆ ರೊಟ್ಟಿ ಬಿರಿಯುತ್ತದೆ, ಬಿರಿದರೆ ಅದಕ್ಕೊಂದು ಮಾತು ಕೇಳಬೇಕಾಗುತ್ತದೆ.

"ಅದು ಹಿಂದೆ ತೂತಾಗಿತ್ತು, ಮಾವ."

"ಹಿಂದಿಂದು ನನಗೆ ಹೆಂಗೆ ಕಾಣ್ಬೇಕು?"

"ನಮಗೆ ಕಾಣ್ತಿತ್ತು ಅಜ್ಜಾ," ಎಂದಳು ಮಗಳು ಕೃತಿಕಾ ತಟ್ಟೆಯಿಂದ ತಲೆಯೆತ್ತದೆ. ಅವಳು ಒಂಬತ್ತನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದಳು. ರಜೆಯಲ್ಲಿ ಅವಳಿಗಿದ್ದ ಕೆಲಸ ಇಂಥ ಮಾತು ಹುಡುಕಿ ಎಸೆಯುವುದೊಂದೇ.

ಅತ್ತೆ ನಿರ್ಮಲಮ್ಮ ದೇವರ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತ ಅಲ್ಲಿಂದಲೇ ತೀರ್ಪು ಕೊಟ್ಟರು. "ಎಲ್ಲರ ಮನ್ಯಾಗೆ ಕಸ ಹೊರಗೆ ಹೋಗ್ತೈತೆ, ಬಟ್ಟೆ ಒಳಗೆ ಬರ್ತೈತೆ. ನಮ್ಮ ಮನ್ಯಾಗೆ ಎಲ್ಲಾ ಉಲ್ಟಾ."

ಮಾತು ಸುಳ್ಳಾಗಿರಲಿಲ್ಲ. ನಡುಮನೆಯ ಬಲಕ್ಕಿದ್ದ ಕೋಣೆಯಲ್ಲಿ ಒಡೆದ ಬಳೆಗಳು ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು, ಸೋಡಾ ಮುಚ್ಚಳಗಳು ಬಕೆಟ್ಟಿನಲ್ಲಿದ್ದವು. ಹಳೇ ಮದುವೆ ಕಾರ್ಡುಗಳು, ಬೀಗವಿಲ್ಲದ ಕೀಲಿಕೈಗಳು, ತೆಂಗಿನ ಚಿಪ್ಪು, ಹೊಂಗೆ ಬೀಜ, ಯಾರ್ಯಾರದೋ ಅಂಗಿಯ ಗುಂಡಿ, ಸೀರೆಯ ಅಂಚು, ಎಲ್ಲಕ್ಕೂ ಒಂದೊಂದು ಡಬ್ಬಿ. ಇವನ್ನೆಲ್ಲ ಗೋಣಿತಟ್ಟಿನ ಮೇಲೆ ಹೊಲಿದು, ಅಂಟಿಸಿ, ರಶ್ಮಿತಾ ಗೋಡೆಗೆ ಹಾಕುವ ಚಿತ್ರಗಳನ್ನು ಮಾಡುತ್ತಿದ್ದಳು. ಗೋಣಿತಟ್ಟಿಗೆ ಬರವಿರಲಿಲ್ಲ. ಗಂಡ ಪ್ರಶಾಂತನದು ಮಂಡಿಪೇಟೆಯಲ್ಲಿ ಗೋಣಿಚೀಲದ ಅಂಗಡಿ. ವಾಮದೇವಪ್ಪ ಮೊಣಕಾಲು ನೋವೆಂದು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದ ಮೇಲೆ ಮಗ ಕೂತಿದ್ದ.

ಆದರೆ ಅದೇ ಗೋಣಿಚೀಲ ಈಗ ಕೋಣೆಯನ್ನು ಕೇಳುತ್ತಿತ್ತು. ಅಂಗಡಿಯ ಹಿಂದಿದ್ದ ಬಾಡಿಗೆ ಗೋಡೌನನ್ನು ಮಾಲೀಕ ಕೆಡವಿಸಿ ಕಾಂಪ್ಲೆಕ್ಸ್ ಕಟ್ಟಿಸುವವನಿದ್ದ. ಮಳೆಗಾಲಕ್ಕೆ ಮುಂಚೆ ಸ್ಟಾಕು ಎಲ್ಲಾದರೂ ಸೇರಬೇಕು.

ಪ್ರಶಾಂತ ಕೂಗಾಡುವ ಮನುಷ್ಯನಲ್ಲ. ಊಟದ ಕಡೆಯ ಮೊಸರನ್ನದ ಹೊತ್ತಿಗೆ ಹೇಳಬೇಕಾದ್ದನ್ನು ಹೇಳುತ್ತಿದ್ದ.

"ಹರಿಹರದ ಕೆಲಸ ಮುಗಿಸು. ಅದು ನೋಡಿ ಅವರು ಮುಂದಿಂದೂ ಕೊಟ್ರು ಅಂದ್ರೆ ಕೋಣೆ ನಿಂದು. ನಾನು ಬೇರೆ ಕಡೆ ಗೋಡೌನ್ ನೋಡ್ಕೊಂತೀನಿ. ಕೊಡಲಿಲ್ಲ ಅಂದ್ರೆ ಚೀಲದ್ದು. ಆಯ್ತಾ?"

"ಆಯ್ತು."

"ಆಮೇಲೆ ಮುಖ ಸಣ್ಣ ಮಾಡ್ಬಾರ್ದು."

"ಮಾಡಲ್ಲ ಅಂದ್ನಲ್ರಿ."

ಹರಿಹರದ ಕೆಲಸವೆಂದರೆ ಡಾಕ್ಟರ್ ಪುಷ್ಪಲತಾ ಅವರದು. ಯಾರದೋ ಗೃಹಪ್ರವೇಶದಲ್ಲಿ ರಶ್ಮಿತಾ ಉಡುಗೊರೆ ಕೊಟ್ಟ ಸಣ್ಣ ಚಿತ್ರ ನೋಡಿ ಫೋನ್ ನಂಬರು ಇಸಿದುಕೊಂಡಿದ್ದರು. ತಮ್ಮ ಹೊಸ ಹೆರಿಗೆ ಆಸ್ಪತ್ರೆಯಲ್ಲಿ ಹೆಂಗಸರು ಕಾಯುತ್ತ ಕೂರುವ ಹಾಲಿಗೆ ಒಂದು ದೊಡ್ಡದು ಬೇಕು, ಹಿಡಿಸಿದರೆ ಮೇಲಿನ ಪ್ರತಿ ವಾರ್ಡಿಗೂ ಒಂದೊಂದು, ಎಂದಿದ್ದರು. ರಶ್ಮಿತಾ ಆಗಲೇ ಮೇಲಿನ ವಾರ್ಡುಗಳಿಗೆ ಏನೇನು ಮಾಡುವುದೆಂದು ಮಾತಾಡತೊಡಗಿದ್ದಳು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ," ಎಂದಿದ್ದ ಪ್ರಶಾಂತ.

ಅವಳು ಮಾಡಲು ಹೊರಟಿದ್ದು ಒಂದು ಜೋಲಿ. ಗೋಣಿಹುರಿಯ ತೊಲೆಯಿಂದ ಇಳಿಬಿದ್ದ ಬಟ್ಟೆಯ ಜೋಲಿ. ಸುತ್ತ ಬಳೆಚೂರಿನ ಹೊಳೆ, ಚಿಪ್ಪಿನ ಚಂದ್ರ, ಕೀಲಿಕೈಗಳ ಮೀನು. ಕೂಸು ಕಾಣುವಂತಿರಲಿಲ್ಲ, ಅದರ ಭಾರಕ್ಕೆ ಬಟ್ಟೆ ಜಗ್ಗಿದ್ದು ಮಾತ್ರ ಕಾಣಬೇಕಿತ್ತು. ಹಾಗೆ ಜಗ್ಗಲು ಬಹಳ ದಿನ ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಬೇಕು. ಮನೆಯಲ್ಲಿ ಅಷ್ಟು ಮೆತ್ತಗಿದ್ದದ್ದು ಮಾವನ ಲುಂಗಿಯೊಂದೇ.

ಆ ವಾರಗಳಲ್ಲಿ ದಿನಗಳು ಒಂದರ ಬೆನ್ನಿಗೊಂದು ಒಂದೇ ಥರ ಬಂದವು. ರೊಟ್ಟಿ, ಪಲ್ಯ, ಪ್ರಶಾಂತನ ಬುತ್ತಿ, ಅತ್ತೆಯ ಮಾತ್ರೆ, ಬಟ್ಟೆ, ಮಾವನ ಚಹಾ, ಮತ್ತೆ ಮಾವನ ಚಹಾ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ನುಂಗಿ, ಇಲ್ಲವೇ ಅದನ್ನೂ ಮರೆತು, ಕೋಣೆಗೆ ಹೋಗಿ ದಬ್ಬಣ ಹಿಡಿಯುತ್ತಿದ್ದಳು. ಗೋಣಿಯಲ್ಲಿ ದಬ್ಬಣ ತೂರಿಸಿ ತೂರಿಸಿ ಬಲಗೈ ಮಣಿಕಟ್ಟು ಊದಿಕೊಂಡಿತು. ಮರುದಿನ ಬೆಳಿಗ್ಗೆ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದವು.

"ಇದೇನಿದು, ಶ್ರೀಲಂಕಾ ನಕಾಶೆ?" ಎಂದರು ವಾಮದೇವಪ್ಪ. ಹೊಸ ಲುಂಗಿ ಬಂದಿದ್ದರೂ ಸಿಟ್ಟು ಹಳೆಯದೇ ಇತ್ತು.

ಒಂದು ಮಧ್ಯಾಹ್ನ ನಿರ್ಮಲಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಸೊಸೆ ಅಂಚು ಹೊಲಿಯುತ್ತಿದ್ದಳು. ತುಸುಹೊತ್ತು ನೋಡಿ, ಹೇಳಿದರು:

"ಇದು ಹೊಲಿಗಿ ಅಲ್ಲ, ನಾಯಿ ಹೆಜ್ಜಿ."

"ಕೈ ಓಡವಲ್ದು ಅತ್ತೆ."

"ಕೈಯಲ್ಲಿ ಹೊಲಿದ್ರೆ ಎಲ್ಲಿ ಓಡ್ತೈತೆ? ಬೆರಳಾಗೆ ಹೊಲೀಬೇಕು. ಸರಿ ಅತ್ಲಾಗೆ."

ಗೋಡೆ ಹಿಡಿದು, ಒಂದು ಮೊಣಕಾಲು ಮಡಚಿ, ಇನ್ನೊಂದನ್ನು ಮಡಚಲಾರದೆ ಚಾಚಿ ಕೂತರು. ಮಾಯಕೊಂಡದ ತವರಲ್ಲಿ ನಿರ್ಮಲಮ್ಮ ಮದುವೆಗೆ ಮುಂಚೆ ಹಳೇ ಬಟ್ಟೆ ಪದರಪದರ ಜೋಡಿಸಿ ಕೌದಿ ಹೊಲಿದವರು; ಈ ಮನೆಗೆ ಬಂದ ಮೇಲೆ ಅಂಗಡಿಯ ಬ್ಲ್ಯಾಂಕೆಟ್ಟು ಬಂದು ಆ ಕೆಲಸ ನಿಂತಿತ್ತು. ಸೂಜಿ ಕೈಗೆ ಬಂದದ್ದೇ ಬೆರಳುಗಳಿಗೆ ನೆನಪಾಯಿತು. ಕೌದಿಗೆ ಹಾಕುವ ಹಾಗೆ ಹೊರಗಿನ ಅಂಚಿನಿಂದ ಒಳಕ್ಕೆ, ಸಾಲಿನ ಒಳಗೆ ಸಾಲು, ಗೋಧಿಕಾಳಿನಷ್ಟು ಹೊಲಿಗೆ.

ಆಮೇಲೆ ದಿನವೂ ಬಂದರು. ಬೈಯುವುದನ್ನು ಬಿಡಲಿಲ್ಲ, ಕೂತು ಬೈದರು.

"ಸೋಡಾ ಮುಚ್ಚಳ ಯಾಕೆ ಹಚ್ತೀಯೇ? ಹೊದ್ಕೊಂಡ್ರೆ ಚುಚ್ಚಲ್ವಾ?"

"ಹೊದ್ಕೊಳ್ಳೋದಲ್ಲ ಅತ್ತೆ, ನೋಡೋದು."

"ಬರೇ ನೋಡಾಕೆ ಇಷ್ಟು ಹೊಲೀಬೇಕಾ?" ಎಂದು ಇನ್ನೊಂದು ಸಾಲು ಹಾಕಿದರು. "ಎಲ್ಲಿಗೆ ಅಂದಿ ಇದು?"

"ಹರಿಹರದ ಹೆರಿಗೆ ಆಸ್ಪತ್ರೆಗೆ."

"ಹ್ಞೂಂ."

ಬಸವ ಜಯಂತಿಯ ದಿನ ಕೆಲಸ ಮುಗಿಯುವ ಹಂತಕ್ಕೆ ಬಂತು. ಬೆಳಿಗ್ಗೆಯಿಂದ ಹೋಳಿಗೆ ಬೇಯಿಸಿ ರಶ್ಮಿತಾಳ ಮುಖ ಕೆಂಪಾಗಿತ್ತು. ಮಧ್ಯಾಹ್ನ ಕಡೆಯ ಮೂಲೆಯೊಂದೇ ಉಳಿದಿದ್ದಾಗ ನಿರ್ಮಲಮ್ಮ ಅವಳ ಕೈಯಿಂದ ಸೂಜಿ ತೆಗೆದುಕೊಂಡರು.

"ಮೂಲೆ ನಾನು ಮುಚ್ತೀನಿ. ನೀನು ಹೋಗಿ ಕಟ್ಟಿನ ಸಾರಿಗೆ ಒಗ್ಗರಣಿ ಕೊಡು. ಹೋಗು."

ಹೋದಳು. ಹೊರಬರುವಷ್ಟರಲ್ಲಿ ಮೂಲೆ ಮುಚ್ಚಿತ್ತು. ಕೃತಿಕಾ ಫೋಟೋ ತೆಗೆದು, ಅಜ್ಜಿಯನ್ನೂ ಪಕ್ಕಕ್ಕೆ ನಿಲ್ಲಿಸಿ ಇನ್ನೊಂದು ತೆಗೆದಳು. ಪ್ರಶಾಂತ ಸಂಜೆ ಬಂದವನು ಚಪ್ಪಲಿ ಬಿಡುವುದನ್ನು ಮರೆತು ನೋಡಿದ.

"ಅಪ್ಪನ ಲುಂಗಿ ಅಂತ ಗೊತ್ತೇ ಆಗಲ್ಲ," ಎಂದ.

"ನನಗೆ ಗೊತ್ತಾಗ್ತೈತೆ," ಎಂದರು ವಾಮದೇವಪ್ಪ.

ಬಿದಿರಿನ ಚೌಕಟ್ಟಿಗೆ ಬಿಗಿದು, ಅಂಗಡಿಯ ಚೀಲ ಸಾಗಿಸುವ ಹಿದಾಯತನ ಲಗೇಜ್ ಆಟೊದಲ್ಲಿ ಹರಿಹರಕ್ಕೆ ಒಯ್ದು ತೂಗುಹಾಕಿ ಬಂದರು. ಹಾಲಿನಲ್ಲಿ ಕೂತ ತುಂಬುಬಸುರಿಯೊಬ್ಬಳು ಎದ್ದು ಬಂದು ಜೋಲಿಯ ಜಗ್ಗಿದ ಭಾಗವನ್ನು ಮುಟ್ಟಿ ನೋಡಿದ್ದನ್ನು ಡಾಕ್ಟರ್ ಪುಷ್ಪಲತಾ ಕಂಡರು. "ಸ್ವಲ್ಪ ದಿನ ಹೋಗ್ಲಿ, ಮೇಲಿನ ವಾರ್ಡುಗಳದ್ದು ಮಾತಾಡೋಣ," ಎಂದರು. ಆ ರಾತ್ರಿ ಪ್ರಶಾಂತ ಮೊಸರನ್ನದ ಹೊತ್ತಿಗೆ ಏನೂ ಹೇಳಲಿಲ್ಲ. ಮರುದಿನ ಹದಡಿ ರಸ್ತೆಯಲ್ಲಿ ಒಂದು ಶೆಡ್ಡು ನೋಡಿ ಬಂದ.

ಹತ್ತಾರು ದಿನ ಕಳೆದಿರಬೇಕು. ಫೋನು ಬಂದಾಗ ರಶ್ಮಿತಾ ಪಾತ್ರೆ ತೊಳೆಯುತ್ತಿದ್ದಳು. ಕೈ ಒದ್ದೆಯೆಂದು ಕೃತಿಕಾ ಸ್ಪೀಕರಿಗೆ ಹಾಕಿದಳು. ಹಾಗಾಗಿ ಡಾಕ್ಟರ ಮಾತನ್ನು ನಡುಮನೆಯೆಲ್ಲ ಕೇಳಿತು.

"ರಶ್ಮಿತಾ, ನಿಮ್ಮ ಪೀಸ್‌ಗೆ ಇರುವೆ ಹತ್ತಿವೆ. ಕೆಂಪಿರುವೆ. ಕಿಟಕಿಯಿಂದ ಸಾಲು ಹಿಡಿದು ಬರ್ತಿವೆ. ಸ್ಪ್ರೇ ಹೊಡೆಸಿದ್ರೂ ಮತ್ತೆ ಬಂದ್ವು. ನಿನ್ನೆ ಕೆಳಗೆ ಕೂತಿದ್ದ ಬಾಣಂತಿ ಮಡಿಲಿಗೆ ಬಿದ್ದಿವೆ. ಕೂಸಿಗೆ ಕಚ್ಚಲಿಲ್ಲ, ಪುಣ್ಯ. ಇವತ್ತೇ ಬಂದು ತಗೊಂಡು ಹೋಗಿ."

"ಮೇಡಂ, ನಾನು ಮೈದಾ ಅಂಟು ಸೈತ ಹಚ್ಚಿಲ್ಲ. ಎಲ್ಲಾ ಫೆವಿಕಾಲೇ. ಇರುವೆ ಹೆಂಗೆ..."

ನಿರ್ಮಲಮ್ಮ ಚಹಾದ ಲೋಟ ಕೆಳಗಿಟ್ಟರು.

"ಯಾವ ಮೂಲೆ ಅಂತ ಕೇಳು," ಎಂದರು.

ಎಲ್ಲರೂ ಅವರತ್ತ ತಿರುಗಿದರು.

"ನಾನೂ ಬರ್ತೀನಿ ಹರಿಹರಕ್ಕೆ," ಎಂದು ಅವರು ಸೆರಗು ಸರಿಮಾಡಿಕೊಂಡರು.

ಸರ್ಕಾರಿ ಬಸ್ಸು ತುಂಬಿತ್ತು. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ ಇಸಿದುಕೊಂಡು ಅತ್ತೆ ಸೊಸೆ ಹಿಂದಿನ ಸೀಟಿನಲ್ಲಿ ಒತ್ತಿ ಕೂತರು. ಊರು ದಾಟಿದ ಮೇಲೆ ನಿರ್ಮಲಮ್ಮ ಸೊಸೆಯ ಕಿವಿಯತ್ತ ಬಾಗಿದರು.

"ಹೊಟ್ಟಿ ತುಂಬಿಸಿದ್ದೆ," ಎಂದರು.

"ಯಾರದ್ದು?"

"ಅದರದ್ದೇ. ಕೌದಿದು."

ರಶ್ಮಿತಾ ಅವರತ್ತ ಪೂರ್ತಿ ತಿರುಗಿ ಕೂತಳು.

"ಕೌದಿ ಹೊಲಿದ ಮ್ಯಾಲೆ ಕಡೀ ಮೂಲಿಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಬೇಕು. ಖಾಲಿ ಹೊಟ್ಟೀಲೆ ಮನಿಯಿಂದ ಕಳಿಸಬಾರದು. ಹೊದ್ದವರ ಹೊಟ್ಟಿ ತಣ್ಣಗೆ ಇರಂಗಿಲ್ಲ."

"ಹೇಳ್ಬಾರ್ದಿತ್ತಾ ಅತ್ತೆ ನನಗೆ?"

"ಅದು ಹೇಳೋದಲ್ಲ. ನಮ್ಮವ್ವನೂ ಹೇಳಿರಲಿಲ್ಲ. ಹಳೇ ಕೌದಿ ಬಿಚ್ಚುವಾಗ ನಾನೇ ನೋಡಿದ್ದೆ."

ಬಸ್ಸು ಹಂಪು ಹಾರಿತು. ರಶ್ಮಿತಾ ಯೋಚಿಸಿ ಕೇಳಿದಳು. "ಹಂಗಾದ್ರೆ ಹಳೇ ಕೌದಿಗೂ ಇರುವೆ ಬರ್ಬೇಕಿತ್ತಲ್ಲ. ಒಣ ರೊಟ್ಟಿಗೆ ಕೆಂಪಿರುವೆ ಯಾಕೆ ಸಾಲು ಹಿಡಿತಾವೆ?"

ನಿರ್ಮಲಮ್ಮ ಕಿಟಕಿಯಾಚೆ ನೋಡಿದರು.

"ರೊಟ್ಟಿ ಅಲ್ಲ."

"ಮತ್ತೆ?"

"ಹೋಳಿಗಿ."

"ಅತ್ತೆ!"

"ಕೂಗಬ್ಯಾಡ. ಅವತ್ತು ಹಬ್ಬ ಇತ್ತು. ಮ್ಯಾಲಾಗಿ ಅದು ಹೋಗೋದು ಹೆರಿಗಿ ಮನಿಗೆ. ಬಾಣಂತ್ಯಾರು ಇರೋ ಜಾಗಕ್ಕೆ ಒಣ ರೊಟ್ಟಿ ಕಟ್ಟಿ ಕಳಿಸಾಕೆ ನನಗೆ ಮನಸಾಗಲಿಲ್ಲ."

"ಎಷ್ಟು ಇಟ್ರಿ?"

"ಅರ್ಧ."

"ಅರ್ಧ ಹೋಳಿಗೆ!"

"ತುಪ್ಪ ಹಾಕಿರಲಿಲ್ಲ," ಎಂದರು ನಿರ್ಮಲಮ್ಮ, ಅದೇ ತಮ್ಮ ಸಮರ್ಥನೆಯೆನ್ನುವಂತೆ. ಮುಂದಿನ ಸೀಟಿನವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರಶ್ಮಿತಾಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಮಣಿಕಟ್ಟು ನೋಯುತ್ತಿತ್ತು. ಹರಿಹರದ ಸೇತುವೆಯಾಚೆ ಕರೆದುಕೊಂಡು ಹೋಗಿ ಯಾರಾದರೂ ತನ್ನನ್ನು ಇಳಿಸಿಬಿಟ್ಟರೆ ಸಾಕು, ಎರಡು ದಿನ ಮಲಗುತ್ತೇನೆ ಎನ್ನಿಸಿತು.

ಜೋಲಿಯನ್ನು ಇಳಿಸಿ ಆಸ್ಪತ್ರೆಯ ಹಿಂದೆ ಜನರೇಟರಿನ ಪಕ್ಕ ಗೋಡೆಗೆ ಒರಗಿಸಿದ್ದರು. ಸ್ಪ್ರೇ ಬಿದ್ದ ಕಡೆ ಲುಂಗಿ ಹಳದಿಯಾಗಿತ್ತು. ರಶ್ಮಿತಾ ಬ್ಲೇಡಿನಿಂದ ಮೂಲೆ ಸೀಳಿದಳು. ಅತ್ತೆಯ ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಒಂದೊಂದನ್ನೂ ಬೇರೆ ಬೇರೆ ಕತ್ತರಿಸಬೇಕಾಯಿತು. ಒಳಗಿನಿಂದ ಕಂದುಬಣ್ಣದ ಮುದ್ದೆ, ಅದನ್ನು ಹೊತ್ತ ಇರುವೆಗಳು ಹೊರಬಂದವು.

ಡಾಕ್ಟರ್ ಪುಷ್ಪಲತಾ ಸಿಟ್ಟಿನಲ್ಲಿರಲಿಲ್ಲ, ದಣಿದಿದ್ದರು. ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿದರು.

"ನಂದು ತಪ್ಪು ಡಾಕ್ಟ್ರೇ, ಸೊಸೀದು ಅಲ್ಲ," ಎಂದರು ನಿರ್ಮಲಮ್ಮ. "ಅಕಿಗೆ ಗೊತ್ತೇ ಇರಲಿಲ್ಲ. ಒಗದು, ಒಣಗಿಸಿ ಮತ್ತೆ ತಂದು ಹಾಕ್ತೀವಿ."

"ಬೇಡಮ್ಮ. ಕೂಸುಗಳಿರೋ ಜಾಗ. ನನ್ನ ಸ್ಟಾಫಿಗೆ ಈಗ ಬಟ್ಟೆ ಅಂದ್ರೇನೇ ಭಯ."

"ಮೇಡಂ, ಮೇಲಿನ ವಾರ್ಡುಗಳದ್ದು..." ಎಂದಳು ರಶ್ಮಿತಾ.

"ಟೈಲ್ಸ್ ಮೇಲೆ ಪ್ರಿಂಟ್ ಬರುತ್ತಲ್ಲ, ಅದು ಹಾಕಿಸ್ತೀನಿ. ಒರೆಸಿದ್ರೆ ಆಯ್ತು. ಬೇಜಾರು ಮಾಡ್ಕೋಬೇಡಿ."

ಅಷ್ಟರಲ್ಲಿ ಕಾಫಿ ಫ್ಲಾಸ್ಕು ತೊಳೆಯಲು ನಲ್ಲಿಗೆ ಬಂದಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ಮೂಲೆಯೊಳಗೆ ಇಣುಕಿದಳು. ಮಲೆಬೆನ್ನೂರು ಕಡೆಯವಳು, ಸುಂಕಲಮ್ಮ ಎಂದು. ಮೊಮ್ಮಗಳ ಹೆರಿಗೆಗೆ ಬಂದಿದ್ದಳು.

"ಅಯ್ಯ, ಹೊಟ್ಟಿಗೆ ಸಿಹಿ ಇಟ್ಟೀರೇನ್ರವ್ವಾ? ಯಾರಾದ್ರೂ ಸಿಹಿ ಇಡ್ತಾರ? ನಮ್ಮ ಕಡೆ ನಾಕು ಅಕ್ಕಿಕಾಳು ಹಾಕ್ತೀವಿ."

"ಅಕ್ಕಿಗೆ ನುಸಿ ಬೀಳ್ತಾವೆ," ಎಂದರು ನಿರ್ಮಲಮ್ಮ ತಟ್ಟನೆ.

"ಇರುವಿಗಿಂತ ನುಸಿ ವಾಸಿ."

"ನಾವು ರೊಟ್ಟಿ ಇಡೋ ಜನ. ಅವತ್ತೊಂದಿನ ತಪ್ಪೇತಿ."

"ಹಬ್ಬದ ದಿನ ಕೌದಿ ಮುಚ್ಚಿದ್ದೇ ತಪ್ಪು ನೀವು."

ಇಬ್ಬರೂ ಮೂಲೆಯ ಎರಡು ಕಡೆ ನಿಂತು ಅಕ್ಕಿ ಮೇಲೋ ರೊಟ್ಟಿ ಮೇಲೋ ಎಂದು ವಾದಕ್ಕಿಳಿದರು. ಡಾಕ್ಟರು ಯಾವಾಗ ಒಳಗೆ ಹೋದರೆಂದು ರಶ್ಮಿತಾ ಕೂಡ ನೋಡಲಿಲ್ಲ.

ವಾಪಸು ಬರುವಾಗ ಎದೆಯೆತ್ತರದ ಚೌಕಟ್ಟು ಬಸ್ಸಿನ ದಾರಿಯನ್ನೆಲ್ಲ ತುಂಬಿತು. "ಇದಕ್ಕೆ ಲಗೇಜ್ ಆಗ್ತೈತಮ್ಮ," ಎಂದ ಕಂಡಕ್ಟರು. "ಫ್ರೀ ಹೆಂಗಸರಿಗೆ, ಗೋಡೆಗಿಲ್ಲ." ನಿರ್ಮಲಮ್ಮ ಸೊಂಟದ ಸಂಚಿ ಬಿಚ್ಚಿ ತಾವೇ ಕೊಟ್ಟರು. ಹತ್ತಿ ಇಳಿಯುವವರ ಚೀಲ ತಾಗಿ ಚಂದ್ರನ ಒಂದು ಚೂರು ಎಲ್ಲೋ ಬಿತ್ತು. ಹುಡುಕಲು ಬಗ್ಗುವಷ್ಟು ಜಾಗವಿರಲಿಲ್ಲ.

ಮನೆಯ ಬಾಗಿಲಲ್ಲಿ ವಾಮದೇವಪ್ಪ ಚೌಕಟ್ಟಿಗೆ ದಾರಿ ಬಿಟ್ಟು ನಿಂತರು. "ಅಂತೂ ನನ್ನ ಲುಂಗಿ ವಾಪಸ್ ಬಂತು," ಎಂದರು. ಯಾರೂ ನಗದ್ದು ನೋಡಿ, "ಚಹಾ ಮಾಡ್ಲಾ?" ಎಂದರು. ಆ ಮನೆಯಲ್ಲಿ ಆ ಮಾತು ಅವರ ಬಾಯಿಂದ ಹಿಂದೆ ಬಂದಿರಲಿಲ್ಲ. ಚಹಾಪುಡಿ, ಸಕ್ಕರೆ ಎಲ್ಲಿವೆಯೆಂದು ತಿಳಿಯದೆ ಬರೀ ಹಾಲು ಕಾಯಿಸಿ ತಂದರು.

ಊಟಕ್ಕೆ ಕೂತಾಗ ಪ್ರಶಾಂತ ಎಲ್ಲ ಕೇಳಿಸಿಕೊಂಡ. ಮೊಸರನ್ನಕ್ಕೆ ಬಂದ.

"ಸೋಮವಾರ ಚೀಲ ಬರ್ತಾವೆ."

"ನನ್ನ ಕೋಣಿಗೆ ಹಾಕು," ಎಂದರು ನಿರ್ಮಲಮ್ಮ. "ತಪ್ಪು ಮಾಡಿದವಳು ನಾನು. ನಾನು ನಡುಮನ್ಯಾಗೆ ಮಲಗ್ತೀನಿ."

"ಅವ್ವಾ, ನಿನಗೆ ಮೊದ್ಲೇ ದಮ್ಮು. ಆ ದೂಳಿನಾಗೆ ನಿನ್ನ ಬಟ್ಟೆ, ಹಾಸಿಗೆ ಎಲ್ಲಾ... ಆಮೇಲೆ ಆಸ್ಪತ್ರೆಗೆ ಓಡೋರು ಯಾರು?"

"ನನ್ನ ದಮ್ಮು ನನಗಿರಲಿ. ಅಕಿ ಕೋಣಿ ಮುಟ್ಟಬ್ಯಾಡ."

"ಅಜ್ಜಿ ಮಾಡಿದ್ದಕ್ಕೆ ಅಮ್ಮಂಗ್ಯಾಕೆ ಶಿಕ್ಷೆ?" ಎಂದಳು ಕೃತಿಕಾ.

"ಶಿಕ್ಷೆ ಅಲ್ಲವ್ವಾ, ಚೀಲ." ಪ್ರಶಾಂತನ ದನಿ ಏರಲಿಲ್ಲ, ಇಳಿಯಿತು. "ಹದಡಿ ರಸ್ತೆ ಶೆಡ್ಡು ಸೋರ್ತೈತೆ, ನಾನೇ ನೋಡಿ ಬಂದೀನಿ. ನೆಂದ್ರೆ ಕೊಳೀತಾವೆ. ಕೊಳೆತ ಚೀಲ ತಗೊಂಡು ನಾನೇನು ಚಿತ್ರ ಬಿಡಿಸ್ಲಾ?"

ಅಂದ ಮೇಲೆ ಅವನಿಗೇ ಮಾತು ಹೆಚ್ಚಾಯಿತೆನಿಸಿರಬೇಕು, ತಟ್ಟೆ ನೋಡಿದ.

"ಬಿಡ್ರಿ ಅತ್ತೆ," ಎಂದಳು ರಶ್ಮಿತಾ. "ನಾನು ಹ್ಞೂಂ ಅಂದಿದ್ದೆ." ಮುಖ ಸಣ್ಣ ಮಾಡುವುದಿಲ್ಲವೆಂದೂ ಹೇಳಿದ್ದಳಲ್ಲ; ಎಲ್ಲರ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಸೋಮವಾರ ಹಿದಾಯತನ ಆಟೊ ಎಷ್ಟು ಸಲ ಬಂದು ಹೋಯಿತೋ. ಚೀಲದ ಕಟ್ಟುಗಳು ಕೋಣೆಯ ಗೋಡೆಯಿಂದ ಗೋಡೆಗೆ ಏರಿ ಹೊರಗೋಡೆಯ ಬೆಳಕಿಂಡಿ ಮುಟ್ಟಿದವು. ಡಬ್ಬಿಗಳೆಲ್ಲ ಮೆಟ್ಟಿಲ ಕೆಳಗೆ ಸೇರಿದವು. ಜೋಲಿಗೆ ಮಾತ್ರ ಎಲ್ಲೂ ಗೋಡೆ ಸಿಗದೆ, ಕಟ್ಟುಗಳ ತಲೆಯ ಮೇಲೆ ಅಂಗಾತ ಮಲಗಿಸಿದರು. ಮನೆಯೆಲ್ಲ ಸಣಬಿನ ವಾಸನೆ. ನಿರ್ಮಲಮ್ಮ ರಾತ್ರಿ ಕೆಮ್ಮಿದರು. ಹಗಲು, ಕೇಳಿದ್ದಕ್ಕಷ್ಟೇ ಮಾತಾಡಿದರು. ರೊಟ್ಟಿ ದುಂಡಗೆ ಬರತೊಡಗಿದವು. ಅದನ್ನು ವಾಮದೇವಪ್ಪ ಕೂಡ ಎತ್ತಿ ಆಡಲಿಲ್ಲ.

ಮೊದಲ ಮಳೆ ಬಿದ್ದ ವಾರ, ಒಂದು ಮಧ್ಯಾಹ್ನ, ಚೀಲಕ್ಕೆ ಇಲಿ ಬಿದ್ದಿವೆಯೇ ನೋಡೆಂದು ಪ್ರಶಾಂತ ಅಂಗಡಿಯಿಂದ ಫೋನ್ ಮಾಡಿದ. ರಶ್ಮಿತಾ ಸ್ಟೂಲು ಹಾಕಿ ಕಟ್ಟುಗಳ ಮೇಲೆ ಹತ್ತಿದಳು. ಇಲಿ ಇರಲಿಲ್ಲ. ಮೇಲೆ, ಚಾವಣಿಗೂ ಚೀಲಕ್ಕೂ ನಡುವೆ, ಒಬ್ಬರು ತಲೆ ತಗ್ಗಿಸಿ ಕೂರುವಷ್ಟು ಜಾಗವಿತ್ತು. ಬೆಳಕಿಂಡಿಯಿಂದ ಬಿಸಿಲು ನೇರ ಜೋಲಿಯ ಮೇಲೆ ಬಿದ್ದಿತ್ತು. ಸೀಳಿದ ಮೂಲೆ ಹಾಗೇ ಬಾಯಿ ಕಳೆದುಕೊಂಡಿತ್ತು.

ಅವಳು ಅದನ್ನು ನೋಡುತ್ತ ಕೂತಳು. ಇಲ್ಲಿ ಯಾರಿಗೂ ಚಹಾ ಬೇಕಿರಲಿಲ್ಲ.

"ಕೃತಿಕಾ, ಸೂಜಿ ದಾರ ಎಸಿ ಇಲ್ಲಿ. ಮತ್ತೆ ಈ ಕೋಣೆ ಫ್ಯಾನಿನ ಸ್ವಿಚ್ ಯಾರೂ ಮುಟ್ಬ್ಯಾಡ್ರಿ, ನನ್ನ ತಲೆ ಹೋಗ್ತೈತೆ!"

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕೆಮ್ಮು ಕೇಳಿತು.

"ಎಲ್ಲಿದ್ದೀಯೇ?"

"ಮ್ಯಾಲೆ, ಅತ್ತೆ."

"ಏನು ಮಾಡಾಕತ್ತಿ?"

"ಮೂಲೆ ಮುಚ್ತಿದೀನಿ."

"ಮುಚ್ಚಿಬಿಟ್ಟೆಯಾ?"

"ಇನ್ನೂ ಇಲ್ಲ."

ನಿರ್ಮಲಮ್ಮನ ಕಾಲುಸದ್ದು ಅಡುಗೆಮನೆಗೆ ಹೋಗಿ, ನಿಧಾನಕ್ಕೆ ವಾಪಸು ಬಂತು. ಚೀಲಗಳ ಅಂಚಿನಲ್ಲಿ ಮೊದಲು ಒಂದು ಉದ್ದ ಹಿಡಿಯ ಸೌಟು ಕಾಣಿಸಿತು, ಸೌಟಿನಲ್ಲಿ ಒಂದು ತುಂಡು ಜೋಳದ ರೊಟ್ಟಿ.

"ಹಿಡಿ ಬೇಗ. ಕೈ ನೋಯ್ತೈತೆ."

"ಯಾವತ್ತಿಂದು ಇದು?"

"ಮೊನ್ನೀದು. ಕಟಕಟಿ ಆಗೈತೆ, ಮುರಿದು ನೋಡು."

ರಶ್ಮಿತಾ ಮುರಿದಳು. ಲಟ್ಟೆಂದಿತು.

"ಇದನ್ನ ಯಾರೂ ತಗೊಳ್ಳಲ್ಲ ಅತ್ತೆ. ಇಲ್ಲೇ ಇರೋದು."

"ಇರಲಿ. ಇಡು."

ಮುರಿದ ಒಂದು ಚೂರನ್ನು ಮೂಲೆಯೊಳಗೆ ತಳ್ಳಿ, ಬಟ್ಟೆ ಮಡಚಿ, ಅವಳು ಮೊದಲ ಹೊಲಿಗೆ ಹಾಕಿದಳು. "ಸಣ್ಣಗೆ ಬೀಳಲಿ," ಎಂದಿತು ಕೆಳಗಿನ ದನಿ. "ನಾಯಿ ಹೆಜ್ಜಿ ಹಾಕಬ್ಯಾಡ." ಕೈಯಲ್ಲಿ ಉಳಿದ ಇನ್ನೊಂದು ಚೂರನ್ನು ಎಲ್ಲಿಡುವುದೆಂದು ರಶ್ಮಿತಾ ಅತ್ತಿತ್ತ ನೋಡಿ, ಬಾಯಿಗೆ ಹಾಕಿಕೊಂಡಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.